ನಕ್ಷೆಯ ಹಳದಿ ಭಾಗ

ಪಾಸ್ಕಗೂಲದಿಂದ ಹನ್ನೆರಡು ಮೈಲಿ ಆಚೆ, ಲಂಗರು.
ಬಂದರಿನಲ್ಲಿ ನಮ್ಮ ಹಡಗಿಗೆ ಜಾಗವಿಲ್ಲ, ಇದು ಆರನೇ ರಾತ್ರಿ.
ಹನ್ನೆರಡರಿಂದ ನಾಲ್ಕರ ಪಹರೆ ನನ್ನದು,
ಜೊತೆಗೆ ಚುಕ್ಕಾಣಿಯ ದಿಯೊನಿಸಿಯೊ, ಅವನ ಕೆಮ್ಮು,
ಮತ್ತೆ ಹವಾಮಾನದ ರೇಡಿಯೋ.

ಸಂಜೆ ನೀರಿನ ಕ್ಯಾನು, ಬೆಂಡೆಕಾಯಿ, ಮೊಟ್ಟೆ ತಂದ
ಲಾಂಚಿನ ವರ್ಡೆಲ್ ಹೇಳಿದ್ದ:
ಲೇಕ್ ಚಾರ್ಲ್ಸ್ ಹತ್ತಿರ ಮೂರು ಇಳಿದಿವೆಯಂತೆ.
ಇಳಿಯುವುದನ್ನು ಬೆರಳು ಕೆಳಗೆ ಮಾಡಿ ತಿರುಗಿಸಿ ತೋರಿಸಿದ,
ಚಹಾದಲ್ಲಿ ಸಕ್ಕರೆ ಕಲಕುವ ಹಾಗೆ.
ಆಮೇಲೆ ರಸೀದಿಗೆ ನನ್ನ ಸಹಿ ಹಾಕಿಸಿಕೊಂಡು ಹೋದ
ಮಾಸ್ ಪಾಯಿಂಟಿಗೆ,
ಗಾಲಿಯ ಮೇಲೆ ಬಂದು ನಿಂತ ತನ್ನ ತಗಡಿನ ಮನೆಗೆ.

ರೇಡಿಯೋದ್ದು ಮನುಷ್ಯನ ದನಿಯಲ್ಲ.
ಅದಕ್ಕೆ ನಡುವೆ ಉಸಿರೆಳೆದುಕೊಳ್ಳುವ ಕೆಲಸವಿಲ್ಲ.
ಹೂಮಾ, ಅಂತು. ಸ್ಲೈಡೆಲ್, ಅಂತು.
ಕಿಟಕಿಯಿಂದ ದೂರ ಇರಿ, ತಲೆ ಮುಚ್ಚಿಕೊಳ್ಳಿ, ಅಂತು,
ಮೀನಿನ ದರ ಓದುವ ಸ್ವರದಲ್ಲೇ.

ನಾನು ಪೆನ್ಸಿಲು ಕೆತ್ತಿಕೊಂಡೆ.
ನಮ್ಮ ನಕ್ಷೆ ಸಮುದ್ರದ್ದು.
ಆಳದ ಒಂದೊಂದು ಮಾರಿಗೂ ಅಲ್ಲಿ ಅಂಕೆಯಿದೆ,
ತಳ ಕೆಸರೋ ಮರಳೋ ಚಿಪ್ಪೋ, ಬರೆದಿದೆ,
ಎಂದೋ ಮುಳುಗಿದ ದೋಣಿಗೂ ಒಂದು ಗುರುತಿದೆ.
ನೆಲವೆಂದರೆ ಮಾತ್ರ ಬರಿ ಹಳದಿ.
ನೀರಿನ ಟ್ಯಾಂಕು, ಚರ್ಚಿನ ಮೊನೆ, ಒಂದು ಚಿಮಣಿ,
ಇಷ್ಟು ಕಂಡರೆ ನಾವಿಕನಿಗೆ ಊರು ಮುಗಿಯಿತು.
ಆ ಹಳದಿಯಲ್ಲಿ ಚೌಕ ಎಳೆದೆ, ಹೊತ್ತು ಬರೆದೆ.
ಒಂದು ಹತ್ತು. ಒಂದು ಮೂವತ್ತೈದು.
ಚೌಕಗಳು ಕುಂಟಾಬಿಲ್ಲೆ ಆಡುತ್ತ ಪೂರ್ವಕ್ಕೆ ಬಂದವು.

ಹೊನ್ನಾವರದಲ್ಲಿ ಅಜ್ಜಿ ತಲೆಗೆ ಎಣ್ಣೆ ಹಚ್ಚುವಾಗ
ಬೆರಳಿಟ್ಟು ನಗುತ್ತಿದ್ದಳು: ಇವನಿಗೆ ಎರಡು ಸುಳಿ, ಎರಡು ಮದುವೆ.
ಬಾಳೆಯದೂ ಸುಳಿ, ಎತ್ತಿನ ಹಣೆಯದೂ ಸುಳಿ,
ಅಳಿವೆಯ ಬಾಯಲ್ಲಿ ದೋಣಿ ತಿನ್ನುವುದೂ ಸುಳಿಯೇ.
ಒಂದೇ ಮಾತು ಇಷ್ಟೆಲ್ಲ ಕಡೆ ತಿರುಗುತ್ತಿತ್ತು,
ಆಕಾಶದ್ದನ್ನು ಯಾರೂ ಮುಟ್ಟಿ ತೋರಿಸಿರಲಿಲ್ಲ.

ಎರಡೂಕಾಲಿಗೆ ಪಶ್ಚಿಮದ ದೀಪಗಳು ಹೋದವು.
ನಮ್ಮಲ್ಲಿ ಗಾಳಿ ಅಷ್ಟಿರಲಿಲ್ಲ; ಲಂಗರಿನ ಸರಪಳಿ ಒಮ್ಮೆ ಗೊಣಗಿತು.
ಮಿಂಚಿದಾಗಷ್ಟೇ ದಡ. ಮಿಂಚಿನಲ್ಲಿ
ಮೋಡದ ಕೆಳಗೆ ಏನೋ ಜೋತಿತ್ತು,
ಮತ್ತೊಂದು ಮಿಂಚಿಗೆ ದಪ್ಪವಾಗಿತ್ತು,
ಮತ್ತೊಂದಕ್ಕೆ ಇಲ್ಲ.
ಬುಡದಲ್ಲಿ ಹಸಿರು ಬೆಳಕು ಫಕ್ಕನೆ ಹೊತ್ತಿ ಆರಿತು.
ಟ್ರಾನ್ಸ್‌ಫಾರ್ಮರ್, ಅಂದ ದಿಯೊನಿಸಿಯೊ. ಎಣಿಸಿದ. ಏಳು.
ಎಣಿಸಬಾರದಿತ್ತು ಅನ್ನುವಂತೆ ಬಾಯಿ ಒರೆಸಿಕೊಂಡ.

ಆಗ ಯಂತ್ರ ಹೇಳಿತು: ಮಾಸ್ ಪಾಯಿಂಟ್.
ಸ್ಪಷ್ಟವಾಗಿ, ಒಂದು ಅಕ್ಷರವೂ ನುಂಗದೆ.

ಹದಿನಾರನೇ ಚಾನೆಲ್ಲಿನಲ್ಲಿ ಲಾಂಚನ್ನು ಕರೆದೆ.
ನಿಯಮಕ್ಕೆ ಸಲ್ಲದ ಕರೆ. ಹೇಳಲು ಏನೂ ಇರಲಿಲ್ಲ.
ರಾತ್ರಿ ಎರಡೂವರೆಗೆ ಲಾಂಚಿನಲ್ಲಿ ಯಾರಿರುತ್ತಾರೆ?
ಉಶ್ ಎಂಬ ಸದ್ದು. ಮತ್ತೆ ಕರೆದೆ. ಉಶ್.
ಆ ಒಂದು ಚೌಕವನ್ನು ನಾನು ಎಳೆಯಲಿಲ್ಲ,
ಎಳೆಯದಿದ್ದರೆ ಅದು ಬೇರೆ ದಾರಿ ಹಿಡಿದೀತೆಂಬಂತೆ.

ಪಹರೆ ಮುಗಿದರೂ ನಿದ್ದೆಯಿಲ್ಲ. ಬೆಳಿಗ್ಗೆ ಉತ್ತರದ ಗಾಳಿ,
ತೊಳೆದು ಕವುಚಿಟ್ಟ ಆಕಾಶ.
ದುರ್ಬೀನು ಎತ್ತಿದೆ:
ಚಿಮಣಿ ಇದೆ. ಚರ್ಚಿನ ಮೊನೆ ಇದೆ.
ಟ್ಯಾಂಕು ಇರಬೇಕಾದಲ್ಲಿ ಒಂದು ಹಕ್ಕಿ ದಾಟಿಹೋಯಿತು.

ಒಂಬತ್ತಕ್ಕೆ ಲಾಂಚು ಬಂತು. ವರ್ಡೆಲ್.
ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹೆಂಗಸರ ಚಪ್ಪಲಿ.
ನಾನು ಕೇಳಲಿಲ್ಲ. ಇಪ್ಪತ್ತು ಕ್ಯಾನು, ಅಂದ.
ಹಗ್ಗ ಎಸೆದ, ಹಿಡಿದೆ.
ಹಗ್ಗದ ತುಂಬ ಗುಲಾಬಿ ಹತ್ತಿ,
ಬೊಂಬಾಯಿ ಮಿಠಾಯಿಯ ಬಣ್ಣದ್ದು.
ಚಳಿಗೆ ಅಂತ ಗೋಡೆಯೊಳಗೆ ತುಂಬುತ್ತೇವೆ, ಅಂದ.
ಯಾರ ಗೋಡೆಯದೋ. ಎಲ್ಲಾ ಕಡೆ ಇದೆ.
ರಸೀದಿ ಚಾಚಿದ. ತಾರೀಖು ನಿನ್ನೆಯದೇ ಇತ್ತು.
ತಿದ್ದದೆ ಸಹಿ ಮಾಡಿದೆ.

ಈಗ ಮಧ್ಯಾಹ್ನ. ಟ್ಯಾಂಕನ್ನು ನಕ್ಷೆಯಿಂದ ತೆಗೆಯಲು
ಮೇಲಿನಿಂದ ಕಾಗದ ಬರಬೇಕು, ತಿಂಗಳಾದೀತು.
ಅಲ್ಲಿಯವರೆಗೆ ಅದು ಹಳದಿಯಲ್ಲಿ ನಿಂತೇ ಇರುತ್ತದೆ.
ಅಂಗೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ.
ಗಾಜಿನ ನೂಲಂತೆ ಅದು.
ತುರಿಸುತ್ತಲೇ ಇದೆ.